ಮಾತು ಸ್ಪಷ್ಟವಿಲ್ಲ

೯ ಜನವರಿ

ಅಕ್ಕ,

ವಿಚಾರಣೆಯ ದಿನ ಗೊತ್ತಾಯಿತು. ಇದೇ ಇಪ್ಪತ್ತಕ್ಕೆ, ಬೆಳಿಗ್ಗೆ ಹನ್ನೊಂದಕ್ಕೆ. ಯಾರೂ ಎಲ್ಲಿಗೂ ಹೋಗಬೇಕಿಲ್ಲವಂತೆ, ಅವರವರ ಕಂಪ್ಯೂಟರಿನ ಮುಂದೆ ಕೂತರೆ ಸಾಕಂತೆ. ನೋಟಿಸಿನಲ್ಲಿ "ಎಲ್ಲರ ಅನುಕೂಲಕ್ಕಾಗಿ" ಎಂದು ಬರೆದಿದ್ದಾರೆ. ಆ ಎಲ್ಲರೊಳಗೆ ನಾನಿಲ್ಲ ಎಂಬುದು ಬರೆದವರಿಗೆ ಹೊಳೆದಿಲ್ಲ, ಪಾಪ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಹೇಳಿಕೊಂಡರೆ ಎದೆ ಸ್ವಲ್ಪ ಹಗುರವಾಗುತ್ತದೆ. ನೀರು ಸರಬರಾಜಿನ ನಿಯಂತ್ರಣ ಕೋಣೆಯಲ್ಲಿ ಹದಿನಾಲ್ಕು ವರ್ಷ ಕೂತವನು ನಾನು. ಪಂಪು ಓಡುತ್ತಿದೆಯೋ ನಿಂತಿದೆಯೋ ಎಂದು ಮೇಜಿನ ಮೇಲೆ ಅಂಗೈಯಿಟ್ಟೇ ಹೇಳಬಲ್ಲೆ. ಕಿವಿ ಹೋಗುತ್ತ ಬಂದ ಎರಡು ವರ್ಷವೂ ಕೆಲಸಕ್ಕೆ ಕುಂದು ಬಂದಿರಲಿಲ್ಲ. ಬೆಳಗಿನ ಸೂಚನೆಗಳನ್ನು ಮೇಲ್ವಿಚಾರಕರು ಎದುರು ನಿಂತು ಹೇಳುತ್ತಿದ್ದರು, ನಾನು ತುಟಿ ಓದುತ್ತಿದ್ದೆ. ಆಮೇಲೆ ಸೂಚನೆಗಳೆಲ್ಲ ಕಂಪ್ಯೂಟರಿನ ಸಭೆಗೆ ಹೋದವು. ಪರದೆಯಲ್ಲಿ ಹದಿನಾರು ಚೌಕ, ಹದಿನೈದರಲ್ಲಿ ಕ್ಯಾಮೆರಾ ಬಂದ್. ತುಟಿಯೇ ಇಲ್ಲದ ಮೇಲೆ ಓದುವುದೇನನ್ನು? ಪಕ್ಕದ ಮೇಜಿನವನು ಬರೆದುಕೊಂಡ ಚೀಟಿ ಕದ್ದು ನೋಡಿ ದಿನ ತಳ್ಳುತ್ತಿದ್ದೆ. ನವೆಂಬರಿನಲ್ಲಿ ಅವನು ಒಂದು ದಿನ ರಜೆ ಹಾಕಿದ. ಮಟ್ಟದ ಮಾಪಕ ಕೆಟ್ಟಿದೆ, ಮೂರನೇ ಪಂಪು ಹತ್ತು ಗಂಟೆಗೆ ನಿಲ್ಲಿಸಿ ಎಂದದ್ದು ನನ್ನನ್ನು ಮುಟ್ಟಲೇ ಇಲ್ಲ. ತೊಟ್ಟಿ ಉಕ್ಕಿ ಕೆಳಗಿನ ಬೀದಿಯ ಕಾಗದದ ಗೋದಾಮಿಗೆ ನೀರು ನುಗ್ಗಿತು.

ಈಗ ಅವರು ಕೇಳುವ ಪ್ರಶ್ನೆ ಒಂದೇ. ನನಗೆ ಕಿವಿ ಕೇಳದೆಂದು ಕಚೇರಿಗೆ ಗೊತ್ತಿತ್ತೋ, ನಾನು ಮುಚ್ಚಿಟ್ಟೆನೋ? ಗೊತ್ತಿದ್ದರೆ ತಪ್ಪು ಅವರದು, ಸೂಚನೆಯನ್ನು ಬರೆದು ಕೊಡಬೇಕಿತ್ತು. ಮುಚ್ಚಿಟ್ಟಿದ್ದರೆ ತಪ್ಪು ನನ್ನದು, ನಿಯಂತ್ರಣ ಕೋಣೆ ಬಿಟ್ಟು ಉಗ್ರಾಣಕ್ಕೆ ಹೋಗಬೇಕು. ನಾನು ಮುಚ್ಚಿಟ್ಟದ್ದು ನಿಜ. ನಿನ್ನೊಬ್ಬಳನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಆದರೂ ಅಲ್ಲಿ ಯಾರಿಗೋ ಒಬ್ಬರಿಗೆ ತಿಳಿದಿರಬಹುದು ಎಂಬ ಆಸೆ ಬಿಡದು.

ಅಡಿಬರಹ ಬೇಕೆಂದು ಮೂರು ಸಲ ಅರ್ಜಿ ಹಾಕಿದ ಮೇಲೆ ಒಪ್ಪಿದ್ದಾರೆ. ಆಡಿದ ಮಾತನ್ನು ಆಗಿಂದಾಗಲೇ ಟೈಪು ಮಾಡಿ ಪರದೆಯ ಕೆಳಗೆ ತೋರಿಸುವ ಒಬ್ಬರನ್ನು ಯಾವುದೋ ಸಂಸ್ಥೆಯಿಂದ ಗೊತ್ತುಮಾಡುತ್ತಾರಂತೆ. ನಿನ್ನ ಕಸುಬಿನವರೇ. ಒಳ್ಳೆಯ ಕೈ ಸಿಗಲಿ ಎಂದು ಹಾರೈಸು.

ನಿನ್ನ ತಮ್ಮ

—

೧೪ ಜನವರಿ

ಮೊಂಡ,

ನಿನ್ನ ಕಾಗದ ಬಂದ ದಿನವೇ ಸಂಸ್ಥೆಯಿಂದ ವಾರದ ಪಟ್ಟಿಯೂ ಬಂತು. ಇಪ್ಪತ್ತನೇ ತಾರೀಖು, ಹನ್ನೊಂದು ಗಂಟೆ, ನೀರು ಸರಬರಾಜು ಕಚೇರಿಯ ವಿಚಾರಣೆ. ಎದುರಿಗೆ ನನ್ನ ಹೆಸರು.

ನಂಟರ ಸಭೆಗೆ ನಾವು ಅಡಿಬರಹ ಬರೆಯುವಂತಿಲ್ಲ. ಇದು ನಮ್ಮ ಮೊದಲ ನಿಯಮ, ಕೆಲಸಕ್ಕೆ ಸೇರಿದ ದಿನ ಸಹಿ ಹಾಕಿಸಿಕೊಂಡಿದ್ದಾರೆ. ಕೂಡಲೇ ಫೋನು ಮಾಡಿ ಹೇಳಬೇಕಿತ್ತು. ಹೇಳಲಿಲ್ಲ. ಆ ಹೊತ್ತಿಗೆ ಬೇರೆ ಯಾರಿಗೂ ಬಿಡುವಿಲ್ಲ, ನಾನು ಬಿಟ್ಟರೆ ಯಂತ್ರದ ಅಡಿಬರಹ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಹೋದ ತಿಂಗಳು ಒಬ್ಬ ವೈದ್ಯರ ಉಪನ್ಯಾಸದಲ್ಲಿ ಆ ಯಂತ್ರ ಇಬ್ಬರ ಮಾತನ್ನು ಒಂದೇ ಸಾಲಿಗೆ ಹೊಲಿದು, ರೋಗಿಯ ಅನುಮಾನವನ್ನು ವೈದ್ಯರ ಸಲಹೆ ಮಾಡಿಟ್ಟಿತ್ತು. ನಿನ್ನ ಹದಿನಾಲ್ಕು ವರ್ಷವನ್ನು ಅಂಥದರ ಕೈಗೆ ಕೊಡಲು ನನಗೆ ಮನಸ್ಸಿಲ್ಲ.

ಪರದೆಯಲ್ಲಿ ನನ್ನ ಮುಖ ಬರುವುದಿಲ್ಲ, ಅಕ್ಷರ ಮಾತ್ರ ಬರುತ್ತದೆ. ನೀನು ನನ್ನನ್ನು ಗುರುತಿಸಿದ ಹಾಗೆ ಆಡಬೇಡ, ನಗಬೇಡ. ನಾನೂ ನಿನ್ನ ಅಕ್ಕನಲ್ಲ ಅವತ್ತು. ಮೈಕು ತೆರೆದಿರುವ ತನಕ ಕೇಳಿಸಿದ್ದೆಲ್ಲ ಬರೆಯುವುದು, ಯಾರನ್ನೂ ತಿದ್ದದಿರುವುದು, ಯಾರ ಪರವೂ ವಹಿಸದಿರುವುದು, ಇಷ್ಟೇ ನನ್ನ ಕೆಲಸ. ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಆದರೂ ಎರಡು ದಿನದಿಂದ ನಿದ್ದೆ ಸರಿಯಿಲ್ಲ.

ಹೊಟ್ಟೆಗೆ ಏನಾದರೂ ತಿಂದು ಕೂತುಕೋ.

ಅಕ್ಕ

—

೨೧ ಜನವರಿ

ಅಕ್ಕ,

ಎರಡು ವರ್ಷದಲ್ಲಿ ಮೊದಲ ಸಲ ಕಚೇರಿಯ ಒಂದು ಸಭೆಯಲ್ಲಿ ಪೂರ್ತಿ ಕೂತೆ. ಅಧ್ಯಕ್ಷೆ ಕೆಮ್ಮಿದ್ದೂ ಬಂತು, ಯಾರದೋ ಮನೆಯ ನಾಯಿ ಬೊಗಳಿದ್ದೂ ಬಂತು. ನಾಯಿಗೂ ಒಂದು ಸಾಲು ಕೊಟ್ಟೆಯಲ್ಲ, ಆಗ ನಗು ತಡೆಯಲು ಕಷ್ಟವಾಯಿತು.

"ನೀವು ಕಚೇರಿಯಲ್ಲಿ ಯಾರಿಗಾದ್ರೂ ತಿಳಿಸಿದ್ರಾ?" ಎಂದು ಅಧ್ಯಕ್ಷೆ ಕೇಳಿದಾಗ ಇಲ್ಲ ಎಂದೆ. ನಿಜ ಅದೇ ತಾನೆ. ಮೇಲ್ವಿಚಾರಕರೂ ತಮಗೆ ಸುಳಿವೇ ಇರಲಿಲ್ಲ ಎಂದರು.

ಒಂದು ವಿಷಯ ಕೊರೆಯುತ್ತಿದೆ. ನಡುವೆ ಅಧ್ಯಕ್ಷೆಯ ಸಂಪರ್ಕ ಕಡಿದು ಅವರ ಚೌಕ ಕಪ್ಪಾಯಿತಲ್ಲ, ಆಗ ಮೇಲ್ವಿಚಾರಕರು ಪಕ್ಕಕ್ಕೆ ತಿರುಗಿ ತಮ್ಮ ಗುಮಾಸ್ತರಿಗೆ ಏನೋ ಹೇಳುತ್ತಿದ್ದರು. ಕೆನ್ನೆ ಮಾತ್ರ ಕಾಣುತ್ತಿತ್ತು, ತುಟಿ ಸಿಗಲಿಲ್ಲ. ಕೆಳಗೆ ನೋಡಿದರೆ ನೀನು "(ಮಾತು ಸ್ಪಷ್ಟವಿಲ್ಲ)" ಎಂದು ಬರೆದಿದ್ದೆ. ನಾಯಿ ಬೊಗಳಿದ್ದು ಸ್ಪಷ್ಟವಾಗಿ ಕೇಳುವ ನಿನಗೆ ಮೈಕಿನ ಪಕ್ಕ ಕೂತವರ ಮಾತು ಕೇಳಲಿಲ್ಲವೇ? ಏನೆಂದರು?

ನಿನ್ನ ತಮ್ಮ

—

೨ ಫೆಬ್ರವರಿ

ಮೊಂಡ,

ಬರೆಯಲು ತಡವಾಯಿತು, ಕ್ಷಮಿಸು. ಬಲಗೈ ಹೆಬ್ಬೆರಳು ಊದಿಕೊಂಡಿದೆ. ಹೊಸ ಕೀಲಿಮಣೆ ಕೊಂಡೆ, ಅದರ ಗುಂಡಿಗಳು ಬಲು ಬಿಗಿ. ಎದುರು ಮನೆಯವರು ಗೋಡೆ ಕೊರೆಸುತ್ತಿದ್ದಾರೆ, ಹಾಗಾಗಿ ಮಧ್ಯಾಹ್ನ ಕೆಲಸ ಮಾಡುವಂತಿಲ್ಲ. ನಿನ್ನ ಮಗಳಿಗೆ ಹಲ್ಲು ಬಿದ್ದಿತಂತೆ, ಮುಂದಿನದೋ ಪಕ್ಕದ್ದೋ?

ನೀನು ಕೇಳಿದ್ದು. ಕುರ್ಚಿ ಎಳೆದ ಸದ್ದಿತ್ತು, ಏನೋ ಗೊಣಗಾಟ. ಅಂಥ ಕಡೆ ಹಾಗೆಯೇ ಬರೆಯುವುದು ವಾಡಿಕೆ. ಅದನ್ನೇ ಹಿಡಿದುಕೊಂಡು ಕೂರಬೇಡ. ತೀರ್ಪು ಬರುವ ತನಕ ತಲೆ ಕೆಡಿಸಿಕೊಳ್ಳಬೇಡ.

ಅಕ್ಕ

—

೧೦ ಫೆಬ್ರವರಿ

ಅತ್ತಿಗೆಯವರಿಗೆ ನಮಸ್ಕಾರ.

ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ, ಮನೆಯಲ್ಲಿ ಬರೆದರೆ ಇವರ ಕಣ್ಣಿಗೆ ಬೀಳುತ್ತದೆ. ಕಿವಿ ಹೋದ ಮೇಲೆ ಇವರ ಕಣ್ಣು ಎಷ್ಟು ಚುರುಕಾಗಿದೆ ಎಂದು ನಿಮಗೆ ಗೊತ್ತಿಲ್ಲ.

ಅವತ್ತು ಅಡಿಬರಹ ಬರೆದದ್ದು ನೀವೇ ಎಂದು ಇವರು ನನ್ನ ಬಳಿ ಬಾಯಿಬಿಟ್ಟರು. ಒಂದು ಮಾತು ಕೇಳುತ್ತೇನೆ. ಮೇಲ್ವಿಚಾರಕರು ನನ್ನ ವಿಷಯ ಏನಾದರೂ ಎತ್ತಿದರೇ? ಹೋದ ಮೇ ತಿಂಗಳಲ್ಲಿ ನಾನು ಅವರನ್ನು ಕಾಣಲು ಹೋಗಿದ್ದೆ. ಯಾಕೆ ಎಂದು ಕೇಳಬೇಡಿ, ನಿಮಗೆ ಊಹೆಯಾಗುತ್ತದೆ. ಅವರು ಎತ್ತಿದ್ದರೂ ಇವರಿಗೆ ತಿಳಿಸಬೇಡಿ. "ಎಲ್ಲಾ ಬಿಟ್ಟು ನನ್ನ ಸಾಹೇಬರ ಹತ್ರ ಹೋಗಿ ನನ್ನ ಕುಂದು ಹೇಳ್ದೆಯಾ?" ಎಂದು ಇವರು ಒಂದು ಸಲ ಕೇಳಿದರೆ ನಾನು ಮತ್ತೆ ಈ ಮನೆಯಲ್ಲಿ ತಲೆಯೆತ್ತಿ ಓಡಾಡಲಾರೆ. ಈ ವಿಚಾರಣೆಯೇ ನನ್ನಿಂದ ಶುರುವಾಯಿತೇನೋ ಎಂದು ದಿನವೂ ಅನ್ನಿಸುತ್ತದೆ.

ಉತ್ತರವನ್ನು ಅಂಗಡಿಯ ವಿಳಾಸಕ್ಕೆ ಬರೆಯಿರಿ.

ನಿಮ್ಮ ತಮ್ಮನ ಹೆಂಡತಿ

—

೨೬ ಫೆಬ್ರವರಿ

ಅಕ್ಕ,

ತೀರ್ಪು ಬಂತು. ಏಪ್ರಿಲ್ ಒಂದರಿಂದ ಉಗ್ರಾಣ.

ಒಂದು ಸಾಲು ಹಾಗೆಯೇ ಇಳಿಸುತ್ತೇನೆ: "ನೌಕರರ ಶ್ರವಣದೋಷ ಕಚೇರಿಗೆ ಮೊದಲೇ ತಿಳಿದಿತ್ತೆಂದು ತೋರಿಸುವ ಒಂದು ಮಾತೂ ವಿಚಾರಣೆಯ ದಾಖಲೆಯಲ್ಲಿ ಇಲ್ಲ." ದಾಖಲೆ ಎಂದರೆ ನಿನ್ನ ಅಡಿಬರಹ. ಧ್ವನಿಮುದ್ರಣ ಇಟ್ಟಿಲ್ಲವಂತೆ, ಅಕ್ಷರ ಇದ್ದ ಮೇಲೆ ಅದು ಯಾಕೆ ಎಂದರಂತೆ. ಹೊಸ ಸಂಗತಿ ಇದ್ದರೆ ಮೂವತ್ತು ದಿನದೊಳಗೆ ಮರುವಿಚಾರಣೆ ಕೇಳಬಹುದು. ಹೊಸ ಸಂಗತಿಯನ್ನು ನಾನು ಎಲ್ಲಿಂದ ತರಲಿ?

ನಿನ್ನೆ ಉಗ್ರಾಣ ನೋಡಿ ಬಂದೆ. ಕಿಟಕಿಯಿಲ್ಲ. ಒಂದು ಮೇಜು, ಒಂದು ಏಣಿ, ಗೋಡೆಗೆ ಎರಡು ವರ್ಷ ಹಿಂದಿನ ಕ್ಯಾಲೆಂಡರು. ಮೇಜಿನ ಮೇಲೆ ಕೈಯಿಟ್ಟೆ, ಏನೂ ಇಲ್ಲ. ಅಲ್ಲಿ ಯಾವ ಪಂಪೂ ತಿಳಿಯುವುದಿಲ್ಲ. ನನಗೆ ಅಳು ಬಂತು, ಹೇಳಲು ನಾಚಿಕೆಯಿಲ್ಲ.

ನಿನ್ನ ಹಿಂದಿನ ಕಾಗದ ಮತ್ತೆ ಓದಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀ. ನೀನು ಹಾಗೆ ಬರೆಯುವವಳಲ್ಲ. ಹೆಬ್ಬೆರಳು, ಕೀಲಿಮಣೆ, ಎದುರು ಮನೆಯ ಗೋಡೆ ಎಂದು ಸಾಲು ಸಾಲು ಬರೆದಾಗಲೇ ನನಗೆ ಗುಮಾನಿ ಬರಬೇಕಿತ್ತು.

ನಿನ್ನ ತಮ್ಮ

—

೧ ಮಾರ್ಚ್

ಮೊಂಡ,

ಬೆಳಿಗ್ಗೆ ಒಂದು ಕಾಗದವನ್ನು ನಿಮ್ಮ ವಿಚಾರಣೆಯ ಅಧ್ಯಕ್ಷೆಗೆ ಅಂಚೆಗೆ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ಮೊದಲು ನಿನಗೆ ಬರೆದಿದ್ದರೆ ಅದನ್ನು ಹಾಕುವ ಧೈರ್ಯ ಬರುತ್ತಿತ್ತೋ ಇಲ್ಲವೋ.

ಅವತ್ತು ಮಾತು ಸ್ಪಷ್ಟವಾಗಿಯೇ ಇತ್ತು. ಅಧ್ಯಕ್ಷೆಯ ಚೌಕ ಕಪ್ಪಾಗಿತ್ತು, ಕೇಳಬಲ್ಲವರು ಬೇರೆ ಯಾರೂ ಇರಲಿಲ್ಲ, ಸಭೆ ನಿಂತಿದೆ ಎಂದುಕೊಂಡು ಮೇಲ್ವಿಚಾರಕರು ಮೈಕು ತೆರೆದೇ ಗುಮಾಸ್ತರಿಗೆ ಹೇಳಿದರು: "ಇವ್ನಿಗೆ ಕಿವಿ ಕೇಳಲ್ಲ ಅಂತ ಇವ್ನ ಹೆಂಡ್ತಿನೇ ಎಂಟು ತಿಂಗಳ ಹಿಂದೆ ಬಂದು ನನ್ನ ಹತ್ರ ಅತ್ತು ಹೋದ್ಲು. ಎಲ್ಲಾ ಬರೆದು ಕೊಡಿ ಅಂದ್ಲು. ಗಂಡನಿಗೆ ಗೊತ್ತಾಗೋದು ಬೇಡ ಅಂದ್ಲು. ಹೋಗ್ಲಿ ಬಿಡು ಅಂತ ನಾನೂ ಸುಮ್ನಿದ್ದೆ." ಗುಮಾಸ್ತರು ನಕ್ಕರು. ಅಷ್ಟರಲ್ಲಿ ಅಧ್ಯಕ್ಷೆ ವಾಪಸು ಬಂದರು.

ಹೆಂಡತಿ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಬೆರಳು ನಿಂತವು. ಅದನ್ನು ಬರೆದರೆ ನೀನು ಅಲ್ಲಿಯೇ, ಅವರಿಬ್ಬರ ಎದುರು, ನಿನ್ನ ಹೆಂಡತಿ ಬೆನ್ನ ಹಿಂದೆ ಏನು ಮಾಡಿದಳು ಎಂಬುದನ್ನು ಓದುತ್ತಿದ್ದೆ. ನಿನ್ನ ಮುಖ ನನ್ನ ಪರದೆಯ ಮೂಲೆಯಲ್ಲಿತ್ತು. ನಾನು ನಿನ್ನ ಮನೆ ಉಳಿಸುತ್ತಿದ್ದೇನೆ ಎಂದುಕೊಂಡೆ. ನಾಯಿಯನ್ನು ಬರೆದವಳು ಇದನ್ನು ಬಿಟ್ಟೆ.

ನಿನ್ನನ್ನು ಉಳಿಸುವ ಮಾತು ಅದೇ ಎಂದು ಸಂಜೆಯೇ ಹೊಳೆಯಿತು. ಕಚೇರಿಗೆ ಗೊತ್ತಿತ್ತು ಎಂದು ಮೇಲ್ವಿಚಾರಕರು ತಮ್ಮ ಬಾಯಿಂದಲೇ ಹೇಳಿದ್ದರು. ಹೊಳೆದ ಮೇಲೂ ಸುಮ್ಮನಿದ್ದೆ. ತೀರ್ಪು ಹೇಗೂ ನಿನ್ನ ಕಡೆ ಆಗಬಹುದು, ಆಗ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ದಿನ ಎಣಿಸಿದೆ. ಹೇಡಿತನಕ್ಕೆ ಬೇರೆ ಹೆಸರು ಹುಡುಕುವುದಿಲ್ಲ. ತಿಳಿಸಬೇಡಿ ಎಂದು ನಿನ್ನ ಹೆಂಡತಿ ಕೈಮುಗಿದು ಬರೆದಿದ್ದಳು. ಅವಳ ಮಾತನ್ನೂ ಈಗ ಮೀರಿದೆ, ಅವಳಿಗೂ ಒಂದು ಕಾಗದ ಹಾಕಿದ್ದೇನೆ.

ಅವಳ ಮೇಲೆ ಸಿಟ್ಟಾಗಬೇಡ. ಇರುವ ಸಿಟ್ಟನ್ನೆಲ್ಲ ಇತ್ತ ಕಳಿಸು, ಇಲ್ಲಿ ಅದಕ್ಕೆ ಜಾಗವಿದೆ.

ಅಕ್ಕ

—

೧೮ ಮಾರ್ಚ್

ಅಕ್ಕ,

ಮರುವಿಚಾರಣೆಗೆ ಒಪ್ಪಿದ್ದಾರೆ. ಅಲ್ಲಿಯವರೆಗೆ ವರ್ಗಾವಣೆ ತಡೆದಿದ್ದಾರೆ. ಮೇಲ್ವಿಚಾರಕರು ಹಾಗೆ ಹೇಳಿಯೇ ಇಲ್ಲ ಎನ್ನುತ್ತಿದ್ದಾರೆ. ಗುಮಾಸ್ತರಿಗೆ ನೆನಪಿಲ್ಲವಂತೆ. ಬರೆಯದೆ ಬಿಟ್ಟವಳ ಮಾತಿಗೆ ಬೆಲೆ ಎಷ್ಟು ಎಂದು ಯಾರೋ ಕೇಳಿದರಂತೆ. ನನ್ನ ಹೆಂಡತಿ ಸಾಕ್ಷಿ ಹೇಳಬೇಕು. ಅವಳು ಹೂಂ ಎಂದೂ ಅಂದಿಲ್ಲ, ಊಹೂಂ ಎಂದೂ ಅಂದಿಲ್ಲ.

ಮನೆಯಲ್ಲಿ ಹದಿನೈದು ದಿನದಿಂದ ಮಾತಿಲ್ಲ. ಕಿವುಡನಿಗೆ ಮಾತಿರುವ ಮನೆಗೂ ಇಲ್ಲದ ಮನೆಗೂ ಏನು ವ್ಯತ್ಯಾಸ ಎನ್ನಬೇಡ. ವ್ಯತ್ಯಾಸವಿದೆ.

ನನಗೆ ಕೇಳಿಸದಿದ್ದನ್ನು ಸಹಿಸಿಕೊಳ್ಳುವುದು ಕಲಿತಿದ್ದೇನೆ. ನೀನು ಕೇಳಿಸಿಕೊಂಡು ನನಗೆ ಕೊಡದೆ ಇಟ್ಟುಕೊಂಡದ್ದನ್ನು ಹೇಗೆ ಸಹಿಸಲಿ? ನಾನೇನು ಕೂಸೇ, ಕಹಿ ಮುಚ್ಚಿ ಬಾಯಿಗಿಡಲು? ಈಗ ಪ್ರತಿಯೊಂದರ ಮೇಲೂ ಅನುಮಾನ. ಹೋದ ವರ್ಷ ಅಮ್ಮನ ನೆನಪಿಗೆ ಕಂಪ್ಯೂಟರಿನಲ್ಲಿ ಎಲ್ಲರೂ ಸೇರಿದಾಗ ನಾನು ಪಾಳಿಯಲ್ಲಿದ್ದೆ, ನಿಯಂತ್ರಣ ಕೋಣೆಯಿಂದಲೇ ಕೂತೆ. ನೀನು ಪಕ್ಕದ ಕಿಟಕಿಯಲ್ಲಿ ನನಗೊಬ್ಬನಿಗೆ ಎಲ್ಲವನ್ನೂ ಬರೆದು ಕೊಟ್ಟೆ. ಆ ಹಾಳೆಗಳನ್ನು ಅಚ್ಚು ಹಾಕಿಸಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಏನೇನು ಬಿಟ್ಟಿದ್ದೀ?

ತಮ್ಮ

—

೨೪ ಮಾರ್ಚ್

ಮೊಂಡ,

ಒಂದು ಬಿಟ್ಟಿದ್ದೇನೆ.

ದೊಡ್ಡಪ್ಪ ಅಮ್ಮನ ಆಸ್ಪತ್ರೆಯ ಕೊನೆಯ ದಿನದ ಬಗ್ಗೆ ಹೇಳುತ್ತಿದ್ದಾಗ ನಿನ್ನ ಮೈಕು ತೆರೆದಿತ್ತು. ನೀನು ಅಳುತ್ತಿದ್ದೆ. ನಿನಗೆ ಸದ್ದಿಲ್ಲದೆ ಅತ್ತಂತೆ ಅನ್ನಿಸಿರಬೇಕು. ಇಲ್ಲ ಕಣೋ, ದೊಡ್ಡದಾಗಿಯೇ ಅತ್ತೆ. ದೊಡ್ಡಪ್ಪ ಮಾತು ನಿಲ್ಲಿಸಿ ಕಾದರು, ಮೂವತ್ತು ಜನವೂ ಸುಮ್ಮನೆ ಕೇಳುತ್ತ ಕೂತರು. ಯಾರೂ ನಿನ್ನ ಮೈಕು ಮುಚ್ಚಲಿಲ್ಲ. ನಿಯಮದ ಪ್ರಕಾರ "(ಅಳುವ ಸದ್ದು)" ಎಂದು ಬರೆಯಬೇಕಿತ್ತು. ಬರೆದರೆ ನೀನು ನಾಚಿ ಎದ್ದು ಹೋಗುತ್ತೀಯ ಎಂದು ಬಿಟ್ಟೆ. ಅವತ್ತು ಎಲ್ಲರೂ ನಿನ್ನ ಜೊತೆಗಿದ್ದರು ಎಂಬುದೂ ಅದರೊಂದಿಗೆ ಬಿಟ್ಟುಹೋಯಿತು ಎಂದು ಈಗ ಅನ್ನಿಸುತ್ತಿದೆ. ಬೇರೆ ಏನನ್ನೂ ಬಿಟ್ಟಿಲ್ಲ. ನಂಬುವುದು ನಿನಗೆ ಬಿಟ್ಟದ್ದು.

ಸಂಸ್ಥೆ ನನ್ನನ್ನು ಪಟ್ಟಿಯಿಂದ ತೆಗೆದಿದೆ. ಮಾಡಿದ್ದುಣ್ಣೋ ಮಹಾರಾಯ, ದೂರುವುದಿಲ್ಲ. ಬೆಳಿಗ್ಗೆ ಎದ್ದಾಗ ಬೆರಳುಗಳಿಗೆ ಕೆಲಸವಿಲ್ಲದೆ ಕಸಿವಿಸಿಯಾಗುತ್ತದೆ, ರೇಡಿಯೋ ಹಾಕಿಕೊಂಡು ಮೇಜಿನ ಮೇಲೆ ಸುಮ್ಮನೆ ಒತ್ತುತ್ತ ಕೂರುತ್ತೇನೆ.

ಅವಳು ಸಾಕ್ಷಿ ಹೇಳುತ್ತಾಳೆಯೇ? ಅಷ್ಟು ಮಾತ್ರ ಬರೆ.

ಅಕ್ಕ

—

೬ ಮೇ

ಅಕ್ಕ,

ಮಾರ್ಚಿನಿಂದೀಚೆಗೆ ನೀನು ಬರೆದ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಬರೆಯಲು ಮನಸ್ಸಿರಲಿಲ್ಲ.

ನಿಯಂತ್ರಣ ಕೋಣೆ ನನಗೇ ಉಳಿಯಿತು. ಆದೇಶ ಶುಕ್ರವಾರ ಕೈಗೆ ಬಂತು. ಬೆಳಗಿನ ಸೂಚನೆ ಇನ್ನು ಮೇಲೆ ಬರಹದಲ್ಲಿ ಬರಬೇಕು, ಸಭೆಗಳಿಗೆಲ್ಲ ಅಡಿಬರಹ ಇರಬೇಕು, ಮಾತಾಡುವವರು ಕ್ಯಾಮೆರಾ ತೆರೆದಿರಬೇಕು. ಸೋಮವಾರ ಹದಿನಾರು ಚೌಕದಲ್ಲೂ ಮುಖಗಳಿದ್ದವು. ಹದಿನಾಲ್ಕು ವರ್ಷದಲ್ಲಿ ಇವರು ಇಷ್ಟು ಬೇಸರದ ಮುಖದವರು ಎಂದು ನನಗೆ ಗೊತ್ತಿರಲಿಲ್ಲ.

ವಿಚಾರಣೆ ಹೇಗಾಯಿತು ಎಂದು ಹೇಳಬೇಕು. ಅವಳು ಸಾಕ್ಷಿ ಹೇಳುತ್ತಾಳೋ ಇಲ್ಲವೋ ಎಂದು ಆ ಬೆಳಿಗ್ಗೆಯವರೆಗೂ ನನಗೆ ತಿಳಿಯದು. ಹತ್ತು ಗಂಟೆಗೆ ಅಂಗಡಿಗೆ ರಜೆ ಎಂದು ಚೀಟಿ ಬರೆದು ತೋರಿಸಿದಳು. ಸಾಕ್ಷಿ ಬೇರೆ ಕೋಣೆಯಲ್ಲಿರಬೇಕು ಎಂಬ ನಿಯಮ. ಅವಳು ಅಡುಗೆಮನೆಯಲ್ಲಿ ಕೂತಳು, ನಾನು ಮಲಗುವ ಕೋಣೆಯಲ್ಲಿ ಕೂತೆ, ನಡುವೆ ಒಂದು ಗೋಡೆ. ಅಡಿಬರಹಕ್ಕೆ ಯಾರೋ ಹೊಸಬರು. ನಮ್ಮ ಮನೆಯ ಗಡಿಯಾರ ಹೊಡೆದದ್ದನ್ನೂ ಬರೆದರು. ಅದು ಹೊಡೆಯುತ್ತದೆ ಎಂಬುದನ್ನೇ ನಾನು ಮರೆತಿದ್ದೆ.

ನನ್ನ ಹೆಂಡತಿಯ ಮನಸ್ಸಿನಲ್ಲಿ ಒಂದು ವರ್ಷದಿಂದ ಇದ್ದದ್ದನ್ನು ನಾನು ಓದಿದ್ದು ಒಬ್ಬ ಅಪರಿಚಿತರ ಬೆರಳಿನಿಂದ. ಹೀಗೆ ಬಂತು: "ಹಿಂದೆ ನಿಂತು ಕರೆದ್ರೆ ಇವ್ರು ತಿರುಗ್ತಿರ್ಲಿಲ್ಲ. ಮಗಳು ಅಪ್ಪಾ ಅಂತ ಕರೆಯೋದು ಬಿಟ್ಟು ಅಂಗಿ ಎಳೆಯೋದು ಕಲಿತ್ಲು. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ಹೇಳ್ಲಿಲ್ಲ. ಪಂಪಿನ ಹತ್ರ ಏನಾದ್ರೂ ಆಗಿಬಿಟ್ರೆ ಅಂತ ಹೆದರಿಕೆ ಆಯ್ತು. ಮನೇಲಿ ಕೇಳೋಕೆ ಧೈರ್ಯ ಸಾಲ್ದೆ ಹೊರಗಿನವರ ಹತ್ರ ಹೋಗಿ ಹೇಳ್ದೆ. ಅದು ತಪ್ಪು. ಆದ್ರೆ ಹೇಳಿದ್ದು ನಿಜ." ಮೇ ತಿಂಗಳ ತಾರೀಖು ಹೇಳಿದಳು, ಮೇಲ್ವಿಚಾರಕರ ಕೋಣೆಯಲ್ಲಿ ತಾನು ಕೂತ ಮುರಿದ ಕೈಯ ಕುರ್ಚಿಯನ್ನೂ ಹೇಳಿದಳು. ಅದಾದ ಮೇಲೆ ಗುಮಾಸ್ತರಿಗೆ ನೆನಪು ಬಂತು.

ನನಗೆ ಅದು ಆಮೇಲೆ ತಿಳಿದದ್ದು, ಯಾಕೆಂದರೆ ನಾನು ಆಗ ನನ್ನ ಕೋಣೆಯಲ್ಲಿರಲಿಲ್ಲ. ಎದ್ದು ಅಡುಗೆಮನೆಗೆ ಹೋಗಿದ್ದೆ. ಅಧ್ಯಕ್ಷೆ ಖಾಲಿ ಕುರ್ಚಿ ನೋಡಿ ಮೂರು ಸಲ ಕರೆದರಂತೆ. ನಾನು ಅವಳ ಚೌಕದೊಳಗೆ, ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದೆ. ಅವಳಿಗೆ ಮಾತ್ರ ಕೇಳುವ ಹಾಗೆ ಮೆಲ್ಲಗೆ ಒಂದು ಮಾತು ಹೇಳಿದೆ ಎಂದುಕೊಂಡಿದ್ದೆ. ನನ್ನ ಮೆಲುದನಿ ಎಷ್ಟು ದೊಡ್ಡದು ಎಂದು ನಿನಗೆ ಗೊತ್ತೇ ಇದೆ. ಕಣ್ಣೆತ್ತಿದರೆ ಅವಳ ಪರದೆಯ ಕೆಳಗೆ ಬರುತ್ತಿತ್ತು:

"ಅರ್ಜಿದಾರ: ಸಿಟ್ಟಿಲ್ಲ ಕಣೇ. ನಿಂಗೆ ಹೇಳಿದ್ರೆ ನನ್ನನ್ನ ಅರ್ಧ ಮನುಷ್ಯ ಅಂದ್ಕೋತೀಯ ಅಂತ ನಾನೇ ಹೆದರಿದ್ದೆ."

"ಸಾಕ್ಷಿ: ಹುಚ್ಚಪ್ಪ."

ಈಗ ಅದು ಕಚೇರಿಯ ದಾಖಲೆಯ ಹನ್ನೊಂದನೇ ಪುಟದಲ್ಲಿದೆ, ಮೊಹರಿನ ಸಮೇತ. ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ, ಓದು. ನೀನಾಗಿದ್ದರೆ ಅದನ್ನು ಬಿಟ್ಟುಬಿಡುತ್ತಿದ್ದೆ.

ನಿನ್ನ ತಮ್ಮ